ಪಾಯಿಂಟ್ ಐದು

ನಮ್ಮ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ನಮ್ಮವ್ವ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿರುವುದು ನಾನು ಮತ್ತು ಅವ್ವ ಇಬ್ಬರೇ. ನನ್ನ ಮದುವೆಯ ಮಾತೆತ್ತುತ್ತಿದ್ದವರೆಲ್ಲ ದಣಿದು ಸುಮ್ಮನಾಗಿ ಬಹಳ ದಿನಗಳಾದವು. ಬೆಕ್ಕು ಗಿರಣಿಯ ಇಲಿ ತಿಂದು ಬೆಳೆದದ್ದು. ವಯಸ್ಸಾದ ಮೇಲೆ ಓಡಾಡಿ ಇಲಿ ಹಿಡಿಯುವ ಕಷ್ಟ ಯಾಕೆಂದು ಅವ್ವನ ಹಾಲನ್ನಕ್ಕೆ ಬಂದು ಸೇರಿಕೊಂಡಿತ್ತು. ಹಳದಿ ಮೈ, ಅಗಲ ಮುಖ, ಗಂಡು. ಹೆಸರಂತೂ ನಾವು ಇಡಲಿಲ್ಲ. ಅವ್ವ ‘ಲೇ’ ಅಂದರೆ ಬರುತ್ತದೆ, ನಾನು ಅಂದರೆ ತಿರುಗಿಯೂ ನೋಡುವುದಿಲ್ಲ.

ಬೇಸಿಗೆ ಶುರುವಾಗುವ ಹೊತ್ತಿಗೆ ಅದು ಬಚ್ಚಲಿನ ಬಕೆಟ್ಟಿಗೆ ಮುಖವಿಟ್ಟು ನೀರು ಕುಡಿಯತೊಡಗಿತು. ಕುಡಿದಷ್ಟೂ ಸಾಲದು. ತಿನ್ನುವುದು ಹೆಚ್ಚಾಯಿತು, ಮೈ ಮಾತ್ರ ಇಳಿಯುತ್ತ ಬಂತು, ಬೆನ್ನಿನ ಎಲುಬು ಕೈಗೆ ಸಿಗತೊಡಗಿತು. ಒಂದು ಬೆಳಿಗ್ಗೆ ಅಂಗಳದ ಮೂಲೆಯಲ್ಲಿ, ಅದು ಉಚ್ಚೆ ಹೊಯ್ಯುವ ಜಾಗದಲ್ಲಿ ಇರುವೆಗಳು ಸಾಲುಗಟ್ಟಿದ್ದವು. ಅವ್ವ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

“ನನ್ನ ಬ್ಯಾನಿ ಇದಕ್ಕ ಬಂದೈತಿ.”

“ಬೆಕ್ಕಿಗೆ ಶುಗರ್ ಬರತೈತೇನ್ ಬೇ? ಯಾರರ ಕೇಳಿದ್ರ ನಗತಾರ,” ಎಂದೆ.

“ನಗಲಿ. ನೀರು ಕುಡಿಯೋದು ನೋಡು. ನಾನೂ ಹಿಂಗ ಕುಡೀತಿದ್ದೆ. ಬಿಂದಿಗಿ ಬಾಜೂಕ ಇಟ್ಕೊಂಡು ಮಲಗ್ತಿದ್ದೆ, ನೆನಪೈತಿಲ್ಲ?”

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪುರಾವೆ ಇಲ್ಲದೆ ಏನನ್ನೂ ಒಪ್ಪುವುದಿಲ್ಲ ಎಂಬ ಜಂಬ ನನಗಿದೆ. ಆದ್ದರಿಂದ ಇನ್ನೂ ಒಂದು ವಾರ ಅವ್ವನ ಮಾತಿಗೆ ನಕ್ಕೆ. ಆಮೇಲೆ ಬೆಕ್ಕು ಕಟ್ಟೆ ಹತ್ತಲಾರದೆ ಕೆಳಗೇ ಕುಳಿತಾಗ ನಗು ನಿಂತಿತು. ಊರಿನ ಪಶು ಡಾಕ್ಟರು ಒಳ್ಳೆಯವರು, “ನಾವು ಎಮ್ಮಿ, ಕುರಿ ನೋಡೋರು. ಲಿಂಗಸುಗೂರಿನಾಗ ಒಬ್ರು ಅದಾರ, ನಾಯಿ ಬೆಕ್ಕಿಂದ ಬರೋಬರಿ ಗೊತ್ತೈತಿ ಅವರಿಗೆ” ಎಂದು ನೇರವಾಗಿ ಹೇಳಿದರು. ಭಾನುವಾರ ಬೆಕ್ಕನ್ನು ತರಕಾರಿ ಬುಟ್ಟಿಯಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆವು. ಲಿಂಗಸುಗೂರಿನ ಡಾಕ್ಟರು ಕಿವಿಯ ಅಂಚಿಗೆ ಸಣ್ಣದಾಗಿ ಚುಚ್ಚಿ ಒಂದು ಹನಿ ರಕ್ತವನ್ನು ಯಂತ್ರಕ್ಕೆ ಮುಟ್ಟಿಸಿದರು. ಅದೇ ಯಂತ್ರ ನಮ್ಮ ಮನೆಯಲ್ಲೂ ಇತ್ತು. ತೋರಿಸಿದ ಅಂಕಿ ಅವ್ವನ ಅತಿ ಕೆಟ್ಟ ದಿನದ ಅಂಕಿಗಿಂತ ಮೇಲಿತ್ತು. ಅವ್ವ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದಳು ಅಷ್ಟೇ. ಅಂದಿದ್ದರೆ ಚೆನ್ನಾಗಿತ್ತು.

ಆ ಡಾಕ್ಟರು ಹತ್ತು ಸಲ ಕೇಳಿದರೂ ಹತ್ತು ಸಲ ಹೇಳುವವರು.

“ಅವಸರ ಮಾಡಬ್ಯಾಡ್ರಿ ಟೀಚರ್. ತಿಂಗಳುಗಟ್ಟಲೆ ಕೆಲಸ ಇದು. ಮುಂಜಾನಿ ಒಮ್ಮೆ, ಸಂಜಿಗಿ ಒಮ್ಮೆ, ಒಂದ ಹೊತ್ತಿಗೆ. ಮೊದಲು ಅದು ಉಣ್ಣಬೇಕು, ಆಮ್ಯಾಲ ಸೂಜಿ. ಉಣ್ಣಲಿಲ್ಲಂದ್ರ ಹಾಕಬ್ಯಾಡ್ರಿ, ನನಗ ಫೋನ್ ಮಾಡ್ರಿ. ಸಕ್ಕರಿ ಜಾಸ್ತಿ ಇದ್ರ ಒಂದ್ ದಿನ ತಡೀತೈತಿ, ಪೂರಾ ಕಮ್ಮಿ ಆತಂದ್ರ ತಡಿಯಂಗಿಲ್ಲ. ಹಾಕೀವೋ ಇಲ್ಲೋ ಅಂತ ಸಂಶಯ ಬಂದ್ರ ಮತ್ತ ಹಾಕಬ್ಯಾಡ್ರಿ. ಅಳತಿ ನಾ ಹೇಳಿದ ಮ್ಯಾಲ ಬದಲಿ ಮಾಡಬೇಕು, ನೀವ ಮಾಡಬಾರ್ದು.”

ನಾನು ಎಲ್ಲವನ್ನೂ ಬರೆದುಕೊಂಡೆ. ಅವ್ವ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ಜಗಳ ಶುರುವಾದದ್ದು ಊಟದ ವಿಷಯಕ್ಕೆ. ಅವ್ವ ಹನ್ನೊಂದು ವರ್ಷದಿಂದ ತಾನೇ ಸೂಜಿ ಹಾಕಿಕೊಳ್ಳುವವಳು, ಅವಳದು ಮೊದಲು ಸೂಜಿ, ಆಮೇಲೆ ಊಟ. ಬೆಕ್ಕಿನದು ಅದಕ್ಕೆ ಉಲ್ಟಾ. “ಇದ್ಯಾವ ನ್ಯಾಯ? ನಾ ಹಸಕೊಂಡು ಚುಚ್ಚಿಗೋಬೇಕು, ಇವ ಹೊಟ್ಟಿ ತುಂಬಿಸಿಗೊಂಡು” ಎಂದು ಗೊಣಗಿದಳು. ಹಾಲನ್ನ ನಿಂತಿತು, ಬೇಯಿಸಿದ ಕೋಳಿ ಮಾಂಸ ಬಂತು. ಫ್ರಿಜ್ಜಿನಲ್ಲಿ ಎರಡು ಡಬ್ಬಿಗಳಾದವು. ಅವ್ವನ ಔಷಧಿ ಬೇರೆ, ಬೆಕ್ಕಿನದು ಬೇರೆ, ಸೂಜಿಗಳೂ ಬೇರೆ. ಒಂದರ ಸೂಜಿಯಿಂದ ಇನ್ನೊಂದನ್ನು ಅಳೆದರೆ ಲೆಕ್ಕವೆಲ್ಲ ಕೆಡುತ್ತದೆಂದು ಡಾಕ್ಟರು ಹೆದರಿಸಿಯೇ ಕಳಿಸಿದ್ದರು. ಅವ್ವ ಬೆಕ್ಕಿನ ಡಬ್ಬಿಗೆ ಕೆಂಪು ದಾರ ಕಟ್ಟಿದಳು. ಮೆಡಿಕಲ್ ಅಂಗಡಿಯವನು ಪೇಷಂಟ್ ಹೆಸರೇನೆಂದು ಕೇಳಿದಾಗ “ಬೆಕ್ಕು ಅಂತ ಬರಕೋರಿ” ಎಂದೆ. ಅವನು ನಕ್ಕ. ಸ್ಟಾಫ್ ರೂಮಿನಲ್ಲಿ ಒಂದು ವಾರ ನನಗೆ ಅದೇ ತಮಾಷೆ.

ಮೊದಲ ದಿನ ನಾನೇ ಸೂಜಿ ಹಿಡಿದೆ. ಒಂದು ಸಲ ನನ್ನ ಬೆರಳಿಗೇ ಚುಚ್ಚಿಕೊಂಡೆ, ಇನ್ನೊಂದು ಸಲ ಔಷಧಿಯೆಲ್ಲ ಕೂದಲಿನ ಮೇಲೆ ಹರಿಯಿತು. ಬೆಕ್ಕು ಕಪಾಟಿನ ಕೆಳಗೆ ನುಸುಳಿ ಕುಳಿತು ನನ್ನನ್ನು ಶತ್ರುವಿನಂತೆ ನೋಡಿತು. ಅವ್ವ ಕೈಯಿಂದ ಸೂಜಿ ಕಿತ್ತುಕೊಂಡಳು. ಮರುದಿನದಿಂದ ಅದು ಉಣ್ಣುತ್ತಿರುವಾಗಲೇ ಭುಜದ ಮೇಲಿನ ತೊಗಲನ್ನು ಎರಡು ಬೆರಳಲ್ಲಿ ಎತ್ತಿ, “ಲೇ, ಉಣ್ಣಲೇ” ಎನ್ನುತ್ತ ಹಾಕಿಬಿಡುತ್ತಿದ್ದಳು. ಅದು ತಲೆಯನ್ನೂ ಎತ್ತುತ್ತಿರಲಿಲ್ಲ. ನನ್ನ ಪಾಲಿಗೆ ಉಳಿದದ್ದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುವುದು ಮತ್ತು ಅಂಕಿಗಳನ್ನು ಡಾಕ್ಟರಿಗೆ ಕಳಿಸುವುದು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಜವಳಗೇರಾ, ಗೊರೇಬಾಳದ ಗದ್ದೆಗಳಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ನನ್ನನ್ನು ಬಿ.ಎಡ್. ತನಕ ಓದಿಸಿದವಳು. ಅಂಕಿ ಓದಲು ಬರುವುದಿಲ್ಲ. ಸೂಜಿಯ ಮೇಲಿನ ಗೀಟುಗಳನ್ನು ಉಗುರಿನಿಂದ ಒಂದೊಂದೇ ಎಣಿಸುತ್ತಾಳೆ. ನಮ್ಮ ಕಡೆ ಇನ್ಸುಲಿನ್ ಅಳತೆಗೆ ಎಲ್ಲರೂ ಅನ್ನುವುದು ಪಾಯಿಂಟ್ ಎಂದೇ. ಅವ್ವನಿಗೆ ಬೆಳಿಗ್ಗೆ ಹದಿನೆಂಟು ಪಾಯಿಂಟ್, ಅಂದರೆ ಹದಿನೆಂಟು ಗೀಟು, ಸಂಜೆಗೆ ಹತ್ತು. ಬೆಕ್ಕಿಗೆ ಒಂದು ಪಾಯಿಂಟ್, ಒಂದು ಗೀಟು. ಹನ್ನೊಂದು ವರ್ಷದಲ್ಲಿ ಅವಳ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ.

ಐದಾರು ವಾರ ಕಳೆದರೂ ಬೆಕ್ಕಿನ ಅಂಕಿ ಇಳಿದದ್ದು ಸ್ವಲ್ಪವೇ. ಹತ್ತನೇ ತರಗತಿಗೆ ವಿಶೇಷ ಪಾಠವಿದ್ದ ಒಂದು ದಿನ ನಾನು ಬೇಗನೆ ಮಸ್ಕಿಯ ಬಸ್ಸು ಹಿಡಿದೆ. ಬಸ್ಸಿನಲ್ಲಿದ್ದಾಗ ಡಾಕ್ಟರ ಫೋನ್ ಬಂತು. ಹಿಂದಿನ ರಾತ್ರಿ ಕಳಿಸಿದ ಅಂಕಿಗಳನ್ನು ನೋಡಿದ್ದರು. “ಅರ್ಧ ಹೆಚ್ಚಿಗಿ ಮಾಡೋಣ್ರಿ, ಒಂದೂವರಿ ಆಗಲಿ,” ಎಂದರು. ನಾನು ಕೂಡಲೇ ಅವ್ವನಿಗೆ ಫೋನ್ ಮಾಡಿದೆ. ಬೆಕ್ಕು ಆಗಲೇ ತಟ್ಟೆಯ ಮುಂದೆ ಕುಳಿತಿತ್ತಂತೆ.

“ಪಾಯಿಂಟ್ ಐದು ಹೆಚ್ಚಿಗಿ ಹಾಕಂದಾರ,” ಎಂದೆ.

“ಪಾಯಿಂಟ್ ಐದಾ?”

“ಹೂಂ ಬೇ, ಪಾಯಿಂಟ್ ಐದು.”

“ಬರೋಬರಿ ಕೇಳಿಯಿಲ್ಲ? ಐದು ಹೆಚ್ಚಿಗಿನಾ?”

“ಎಷ್ಟು ಸಲ ಹೇಳ್ಬೇಕು ನಿನಗ? ಪಾಯಿಂಟ್ ಐದು, ಪಾಯಿಂಟ್ ಐದು! ಇಡು ಫೋನ್, ಕಂಡಕ್ಟರ್ ಬಂದಾನ.”

ತರಗತಿಯಲ್ಲಿ ಅರ್ಧ ಎನ್ನುವುದಕ್ಕೆ ಪಾಯಿಂಟ್ ಐದು ಎಂದು ದಿನಕ್ಕೆ ನೂರು ಸಲ ಹೇಳುವವಳು ನಾನು. ಕರಿಹಲಗೆಯ ಮೇಲೆ ಒಂದು ಚುಕ್ಕೆ ಇಟ್ಟು ಐದು ಬರೆದರೆ ಮುಗಿಯಿತು. ಅವ್ವ ಬದುಕುವ ಕನ್ನಡದಲ್ಲಿ ಆ ಚುಕ್ಕೆಯೇ ಇಲ್ಲ. ಇದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ಟಿಕೆಟ್ ತೆಗೆದುಕೊಂಡು ಕಿಟಕಿಗೆ ತಲೆಯಾನಿಸಿ ಒಂದು ನಿದ್ದೆಯನ್ನೂ ಮಾಡಿದೆ.

ಹತ್ತೂವರೆಗೆ ಸ್ಟಾಫ್ ರೂಮಿನಲ್ಲಿದ್ದಾಗ ಅವ್ವನ ಫೋನ್.

“ಇವ ತೂರಾಡಾಕತ್ತಾನ. ಹಿಂಗಾಲು ನಿಲ್ಲವಲ್ಲವು. ನನಗ ಸಕ್ಕರಿ ಇಳಿದಾಗ ಆಗತೈತಲ್ಲ, ಹಂಗ ಐತಿ. ಸಕ್ಕರಿ ನೀರು ಬಟ್ಟಿಲೆ ಒಸಡಿಗೆ ತಿಕ್ಕಾಕತ್ತೀನಿ.”

“ಎಷ್ಟ್ ಹಾಕಿದಿ ಬೇ?”

“ಆರು. ಒಂದಿತ್ತು, ನೀ ಐದು ಹೆಚ್ಚಿಗಿ ಅಂದಿ.”

ಆಮೇಲೆ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸ್ಟಾಫ್ ರೂಮಿನಲ್ಲಿ ಏಳೆಂಟು ಜನರ ನಡುವೆ ಎದ್ದು ನಿಂತು ಕೂಗಿದೆ: “ಆರು ಹಾಕೀಯಾ? ಓದಾಕ ಬರದಾಕಿ ಕೈಯಾಗ ಸೂಜಿ ಕೊಟ್ಟೆನಲ್ಲ, ಅದ ನಂದು ತಪ್ಪು!”

ಅವ್ವ ಸಣ್ಣ ದನಿಯಲ್ಲಿ, “ಬೈಯೋದು ಆಮ್ಯಾಲ ಬೈಯವಂತಿ. ಮೊದಲು ಡಾಕ್ಟರಿಗೆ ಫೋನ್ ಹಚ್ಚು,” ಎಂದಳು.

ಡಾಕ್ಟರು ಗಾಬರಿಯಾಗಲಿಲ್ಲ. ಒಸಡಿಗೆ ಸಕ್ಕರೆ ನೀರು ತಿಕ್ಕುತ್ತಲೇ ಇರಲಿ, ಬಾಯೊಳಗೆ ಸುರಿಯಬಾರದು, ಗಂಟಲಿಗೆ ಸಿಕ್ಕೀತು. ನುಂಗುವಷ್ಟು ಎಚ್ಚರ ಬಂದರೆ ತಿನ್ನಿಸಲಿ. ತಡಮಾಡದೆ ಯಾರಾದರೂ ಡಾಕ್ಟರ ಹತ್ತಿರ ಒಯ್ಯಲಿ ಎಂದರು. ಊರಿನ ಪಶು ಡಾಕ್ಟರು ಅಂದು ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಅವ್ವ ಓಣಿಯ ಆಟೋದವನನ್ನು ಎಬ್ಬಿಸಿ ಬುಟ್ಟಿಯೊಂದಿಗೆ ಹೊರಟಳು. ಮಸ್ಕಿಯಲ್ಲಿ ನಾನು ಹತ್ತಿಕೊಂಡು ಅಲ್ಲಿಂದ ಲಿಂಗಸುಗೂರಿಗೆ ಹೋಗುವುದೆಂದು ಆಯಿತು.

ಮಸ್ಕಿಯ ರಸ್ತೆಯ ಬದಿಯಲ್ಲಿ ಮುಕ್ಕಾಲು ತಾಸು ನಿಂತಿದ್ದೆ. ಮೊದಲ ಕಾಲು ತಾಸು ಅವ್ವನ ಮೇಲಿನ ಸಿಟ್ಟಿನಲ್ಲೇ ಹೋಯಿತು. ಕೈಗೆ ಹತ್ತಿದ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬೆಳಗಿನ ಮಾತನ್ನು ಬಾಯಲ್ಲೇ ಇನ್ನೊಮ್ಮೆ ಹೇಳಿ ನೋಡಿದೆ. ಪಾಯಿಂಟ್ ಐದು ಹೆಚ್ಚಿಗಿ. ನಾಲಿಗೆ ಅಲ್ಲೇ ನಿಂತಿತು. ಅವಳು ಎರಡು ಸಲ ಕೇಳಿದ್ದಳು. ಅನುಮಾನ ಬಂದೇ ಕೇಳಿದ್ದಳು. ಎರಡು ಸಲವೂ ಬಾಯಿ ಮುಚ್ಚಿಸಿದವಳು ನಾನು. ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತೆ.

ಆಟೋ ಬಂದಾಗ ಬೆಕ್ಕು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಕಣ್ಣು ತೆರೆದಿತ್ತು, ಆದರೆ ನೋಡುತ್ತಿರಲಿಲ್ಲ. ಅವ್ವನ ಬೆರಳುಗಳೆಲ್ಲ ಸಕ್ಕರೆಯಿಂದ ಅಂಟಂಟಾಗಿದ್ದವು, ಸೀರೆಯ ಮಡಿಲು ಒದ್ದೆ. ಸಿಂಧನೂರಿನಿಂದ ಇಲ್ಲಿಯ ತನಕ ತಿಕ್ಕುವುದನ್ನು ಬಿಟ್ಟಿರಲಿಲ್ಲವೆಂದು ಆಟೋದವನು ಹೇಳಿದ. ನಾನು ಪಕ್ಕದಲ್ಲಿ ಕುಳಿತು ಸಕ್ಕರೆ ನೀರಿನ ಲೋಟ ಹಿಡಿದೆ. ದಾರಿಯ ನಡುವೆ ಒಂದು ಕಡೆ ಅದು ಅವ್ವನ ಬೆರಳನ್ನು ನೆಕ್ಕಿತು. ಅವ್ವ “ಲೇ” ಎಂದಳು, ಅಷ್ಟೇ.

ಡಾಕ್ಟರು ಕಾಲಿನ ನರಕ್ಕೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟರು. ಮತ್ತೆ ಮತ್ತೆ ರಕ್ತ ನೋಡಿದರು. ಮಧ್ಯಾಹ್ನ ಕಳೆದ ಮೇಲೆ ಬೆಕ್ಕು ತಲೆಯೆತ್ತಿ ಕುಳಿತು, ಇಟ್ಟದ್ದನ್ನು ತಿಂದಿತು. ಆಗ ಡಾಕ್ಟರು ನಮ್ಮ ಕಡೆ ತಿರುಗಿ, “ಒಂದೂವರಿ ಅಂದ್ರ ಆರು ಹೆಂಗಾತ್ರಿ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: “ನಂದ ತಪ್ಪರೀ ಸಾಹೇಬ್ರ. ಆಕಿ ಬರೋಬರಿ ಹೇಳಿದ್ಲು. ನನಗ ಓದಾಕ ಬರಂಗಿಲ್ಲ, ನಾ ಏನೋ ತಿಳಕೊಂಡೆ.”

“ಸಕ್ಕರಿ ಹಚ್ಚಿದವರು ಯಾರು?”

“ನಾನರೀ.”

“ಅದ ಉಳಿಸೈತಮ್ಮಾ ಇದನ್ನ. ಬ್ಯಾರೆಯವರಾಗಿದ್ರ ತೂರಾಡೋದು ನೋಡಿ ಗಾಳಿ ಬಡಿದೈತಂತ ಸುಮ್ನಿರತಿದ್ರು.”

ಅಲ್ಲಿ ನಾನು ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ತನ್ನದೇ ಎಂದು ಅವ್ವ ನಂಬಿದ್ದಾಳೆ, ಮನೆಗೆ ಹೋಗಿ ತಿಳಿಸಿ ಹೇಳೋಣ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಸಂಜೆಯ ಸೂಜಿ ಬೇಡ, ಮರುದಿನ ರಕ್ತ ನೋಡಿ ತಾವು ಹೇಳಿದ ಮೇಲೆಯೇ ಮತ್ತೆ ಶುರು ಎಂದು ಹೇಳಿ ಡಾಕ್ಟರು ನಮ್ಮನ್ನು ಕಳಿಸಿದರು.

ಎರಡು ದಿನದ ಮೇಲೆ ಒಂದು ಪಾಯಿಂಟಿನಿಂದಲೇ ಮತ್ತೆ ಶುರುವಾಯಿತು. ಅವ್ವ ಮಾತ್ರ ಸೂಜಿ ಮುಟ್ಟಲಿಲ್ಲ. ಬೆಕ್ಕಿನದಷ್ಟೇ ಅಲ್ಲ, ತನ್ನದನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಸಂಜೆ ಬಂದು ನನ್ನ ಮುಂದೆ ಕುಳಿತು ಹೊಟ್ಟೆಯ ಮೇಲಿನ ಸೀರೆ ಸರಿಸಿ, “ನೀನ ಹಾಕವ್ವ. ನನಗ ಓದಾಕ ಬರಂಗಿಲ್ಲ,” ಎನ್ನುತ್ತಿದ್ದಳು. ಅದರಲ್ಲಿ ಚುಚ್ಚುಮಾತಿನ ದನಿ ಇದ್ದಿದ್ದರೆ ನಾನು ತಿರುಗಿ ಜಗಳವಾಡಿ ಮುಗಿಸಿಬಿಡುತ್ತಿದ್ದೆ. ಇರಲಿಲ್ಲ. ಹನ್ನೊಂದು ವರ್ಷ ಯಾರ ಹಂಗಿಲ್ಲದೆ ತನ್ನ ಕಾಯಿಲೆಯನ್ನು ತಾನೇ ನೋಡಿಕೊಂಡವಳು ನನ್ನ ಮುಂದೆ ಮಗುವಿನಂತೆ ಕೂರುತ್ತಿದ್ದಳು.

ನಮ್ಮ ಕಡೆ ಅವ್ವನಿಗೆ ತಪ್ಪಾಯಿತು ಎನ್ನುವ ರೂಢಿಯಿಲ್ಲ. ಅದರ ಬದಲು ಚಹಾ ಮಾಡಿಕೊಡುತ್ತೇವೆ. ಆ ಮೂರು ವಾರದಲ್ಲಿ ನಾನು ಮಾಡಿಕೊಟ್ಟಷ್ಟು ಸಪ್ಪೆ ಚಹಾ ಅವ್ವ ಜನ್ಮದಲ್ಲಿ ಕುಡಿದಿರಲಿಕ್ಕಿಲ್ಲ.

ಬೆಕ್ಕು ನನ್ನ ಕೈಗೆ ಒಗ್ಗಲೇ ಇಲ್ಲ. ಒಂದು ಬೆಳಿಗ್ಗೆ ಚುಚ್ಚುವಾಗ ಹೊರಳಿತು, ಕೂದಲು ಒದ್ದೆಯಾಯಿತು. ಒಳಗೆ ಹೋದದ್ದೆಷ್ಟು, ಹೊರಗೆ ಚೆಲ್ಲಿದ್ದೆಷ್ಟು ತಿಳಿಯಲಿಲ್ಲ. ಇನ್ನೊಂದು ಸೂಜಿ ತೆಗೆದೆ. ಅಡುಗೆ ಮನೆಯಿಂದ ಅವ್ವನ ದನಿ ಬಂತು: “ಮತ್ತ ಹಾಕಬ್ಯಾಡ. ಸಂಶಯ ಬಂದ್ರ ಹಾಕಬ್ಯಾಡಂದಾರ ಡಾಕ್ಟರು.” ಬರೆದುಕೊಂಡಿದ್ದವಳು ನಾನು, ನೆನಪಿಟ್ಟುಕೊಂಡಿದ್ದವಳು ಅವಳು. ಸೂಜಿಯನ್ನು ಕೆಳಗಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮುಂದಿನ ಭಾನುವಾರ ಲಿಂಗಸುಗೂರಿಗೆ ತೋರಿಸಲು ಹೋದೆವು. ಡಾಕ್ಟರು ಬೆಕ್ಕಿನ ತೂಕ ನೋಡಿ, ಅಂಕಿ ಚೆನ್ನಾಗಿ ಇಳಿಯುತ್ತಿದೆ ಎಂದರು. ಆಮೇಲೆ ಅವ್ವನಿಗೆ, “ಈಗ ಸೂಜಿ ಯಾರು ಹಾಕತೀರಮ್ಮಾ?” ಎಂದು ಕೇಳಿದರು. ಅವ್ವ ನನ್ನ ಕಡೆ ಕೈ ತೋರಿಸಿದಳು.

“ಸರ್, ಅವತ್ತು ತಪ್ಪು ನಂದು,” ಎಂದೆ. “ಅರ್ಧ ಅನ್ನೋದಕ್ಕ ನಾನು ಪಾಯಿಂಟ್ ಐದು ಅಂದೆ. ಅವ್ವ ಎರಡು ಸಲ ಕೇಳಿದ್ಲು, ನಾನ ಬೈದೆ. ಆಕಿ ನಾ ಹೇಳಿದಷ್ಟ ಬರೋಬರಿ ಎಣಿಸಿ ಹಾಕ್ಯಾಳ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಇನ್ನು ಮುಂದೆ ಅಳತೆ ಬದಲಾದರೆ ಬಾಯಿಮಾತಿನಲ್ಲಿ ಬಿಡದೆ ಎಷ್ಟು ಗೀಟು ಎಂದು ತಿರುಗಿ ಹೇಳಿಸಿಕೊಂಡೇ ಫೋನ್ ಇಡಬೇಕು ಎಂದರು, ತಾವೂ ಹಾಗೆಯೇ ಮಾಡುವುದಾಗಿ ಹೇಳಿದರು. ನಗಲಿಲ್ಲ. ಅವ್ವ ನೆಲ ನೋಡುತ್ತ ಕುಳಿತಿದ್ದಳು.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕುಳಿತೆವು. ಅವ್ವನಿಗೆ ಸಮಾಧಾನವಾಗಿರಬಹುದೆಂದು ನಾನು ತಿಳಿದಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

“ಯಾಕ ಹೇಳಿದಿ?”

“ಖರೇನ ಹೇಳೀನಿ.”

“ಖರೇ ನನಗ ಅವತ್ತ ಗೊತ್ತಿತ್ತು. ಆಟೋದಾಗ ಪೂರಾ ದಾರಿ ಅದನ್ನ ನೆನಸೀನಿ. ಎರಡು ಸಲ ಕೇಳೀನಿ, ಎರಡು ಸಲನೂ ಐದು ಅಂದೀದಿ.”

“ಮತ್ತ ನಿಂದ ತಪ್ಪಂತ ಯಾಕ ಅಂದಿ?”

“ಓದಾಕ ಬರದಾಕಿ ತಪ್ಪಿದ್ರ ಯಾರೂ ಏನೂ ಅನ್ನಂಗಿಲ್ಲ. ಲೆಕ್ಕದ ಟೀಚರ್ ಲೆಕ್ಕದಾಗ ತಪ್ಪಿದ್ಲಂದ್ರ ನಾಕು ಮಂದಿ ನಗತಾರ. ಕೆಸರಿನ್ಯಾಗ ನಿಂತು ಓದಿಸೀನಿ ನಿನ್ನ. ನಗೋದು ನಾ ಕೇಳ್ಬೇಕೇನು?”

ಅವಳಿಗೆ ಗೊತ್ತಿಲ್ಲವೆಂದು ನಾನು ಮೂರು ವಾರ ಮರುಗಿದ್ದೆ. ಅವಳು ಗೊತ್ತಿದ್ದೇ ನನ್ನ ತಪ್ಪನ್ನು ಹೊತ್ತಿದ್ದಳು. ಕೇಳಿದೆ: “ತಪ್ಪು ನಿಂದಲ್ಲಂತ ಗೊತ್ತಿದ್ರ ಸೂಜಿ ಯಾಕ ಬಿಟ್ಟಿ ಬೇ?”

“ನಾ ಡಾಕ್ಟರ್ ಮುಂದ ಅಂದದ್ದು ಸುಳ್ಳು. ನೀ ಫೋನಿನಾಗ ಅಂದದ್ದು ಸುಳ್ಳಲ್ಲ. ನಿನ್ನ ಮನಸಿನ್ಯಾಗ ಇದ್ದದ್ದ ಬಾಯಿಗಿ ಬಂತು.”

ಇಲ್ಲ ಎನ್ನಬೇಕೆಂದುಕೊಂಡೆ. ಆದರೆ ಅವಳು ಹೇಳಿದ್ದು ಸರಿಯಿತ್ತು. ಓದಿದವಳು ನಾನು ಎಂಬುದು ಎಷ್ಟೋ ವರ್ಷಗಳಿಂದ ನನ್ನೊಳಗೆ ಕುಳಿತಿತ್ತು, ಗಾಬರಿಯಲ್ಲಿ ಹೊರಬಿತ್ತು.

“ಇತ್ತು ಬೇ,” ಎಂದೆ. “ತಪ್ಪಾತು.”

ಅವ್ವ ನನ್ನ ಕಡೆ ತಿರುಗಿದಳು. “ಇನ್ನೂ ಐತೇನು?”

ಕೂಡಲೇ ಇಲ್ಲ ಎಂದಿದ್ದರೆ ಅವಳು ನಂಬುತ್ತಿರಲಿಲ್ಲ. ನಾನು ಯೋಚಿಸಿ ಇಲ್ಲವೆಂದು ತಲೆ ಅಲ್ಲಾಡಿಸುವ ತನಕ ಕಾದಳು. ಸಿಂಧನೂರಿನ ಬಸ್ಸು ಬಂದು ನಿಂತಿತು, ಜನ ಬಾಗಿಲಿಗೆ ಮುಗಿಬಿದ್ದರು. ಅವ್ವ ಬುಟ್ಟಿಯನ್ನು ಎತ್ತಿ ಕಂಕುಳಿಗೆ ಇಟ್ಟುಕೊಂಡು ಎದ್ದಳು.

“ನಡಿ, ಸೂಜಿ ಹೊತ್ತಿಗೆ ಮನಿ ಮುಟ್ಟಬೇಕು,” ಎಂದಳು. “ಇವನಿಗೂ ನನಗೂ ಇವತ್ತ ನಾನ ಹಾಕ್ತೀನಿ.”